ಹೂಬಟ್ಟೆ ಸುತ್ತಿದ ಸಲಿಕೆ

ದೇವರು ಭೂಮಿಯನ್ನು ಹಂಚುತ್ತಿದ್ದ ದಿನ ಆ ಊರಿನವರು ತಡವಾಗಿ ಹೋದರಂತೆ. ಬೆಟ್ಟ, ಬಯಲು, ಹೊಳೆದಂಡೆ ಎಲ್ಲವೂ ಖರ್ಚಾಗಿ ಹೋಗಿತ್ತು. ಉಳಿದದ್ದು ಸಮುದ್ರದ ತಳದ ಒಂದು ಚೂರು ಮಾತ್ರ. "ಇದನ್ನೇ ಇಟ್ಟುಕೊಳ್ಳಿ. ಆದರೆ ಸಮುದ್ರ ಬಂದು ಕೇಳಿದರೆ ನಾನು ಕೊಟ್ಟೆ ಅನ್ನಬೇಡಿ" ಅಂದನಂತೆ. ಮುದುಕರು ಈ ಕಥೆ ಹೇಳಿ ನಗುತ್ತಾರೆ. ನಕ್ಕಾದ ಮೇಲೆ ತಿರುಗಿ ಒಮ್ಮೆ ಏರಿಯ ಕಡೆ ನೋಡುತ್ತಾರೆ.

ಏರಿ ಎಂದರೆ ಕಡಲಿಗೂ ಊರಿಗೂ ನಡುವೆ ಉದ್ದಕ್ಕೆ ಮಲಗಿರುವ ಮಣ್ಣಿನ ದಿಬ್ಬ. ಬೀದಿಯಲ್ಲಿ ನಿಂತವರಿಗೆ ಸಮುದ್ರ ಕಾಣುವುದಿಲ್ಲ. ಉಬ್ಬರದ ಹೊತ್ತಿನಲ್ಲಿ ದೋಣಿಯೊಂದು ಹೋದರೆ ಮನೆಗಳ ಮಾಡಿಗಿಂತ ಮೇಲೆ, ಆಕಾಶದಲ್ಲಿ ತೇಲಿದ ಹಾಗೆ ಹೋಗುತ್ತದೆ. ಊರಿನೊಳಗೆ ಬಿದ್ದ ಮಳೆನೀರು ತಾನಾಗಿ ಹೊರಗೆ ಹರಿಯುವಂತಿಲ್ಲ. ಕಡಲು ಇಳಿದಾಗ ತೂಬು ತೆರೆದು ಬಿಡಬೇಕು, ಏರುವ ಮೊದಲು ಮುಚ್ಚಬೇಕು. ತೂಬಿನ ಕಲ್ಲುಕಂಬದ ಮೇಲೆ ಅಜ್ಜಂದಿರು ಕೆತ್ತಿದ ಒಂದು ಗೆರೆಯಿದೆ. ಅವರ ಕಾಲದಲ್ಲಿ ಕಂಡ ಅತಿ ದೊಡ್ಡ ಉಬ್ಬರದ ಗುರುತು ಅದು. ಈಗ ಹುಣ್ಣಿಮೆ ಅಮಾವಾಸ್ಯೆಗೆಲ್ಲ ಆ ಗೆರೆ ಮುಳುಗುತ್ತದೆ. ಕಡಲು ವರ್ಷ ವರ್ಷ ಏರುತ್ತಿದೆ. ಬಸಿದು ಬಸಿದು ಒಣಗಿಸಿದ ನೆಲ ಅಷ್ಟಷ್ಟೇ ಕುಸಿಯುತ್ತಿದೆ. ನಡುವೆ ನಿಂತಿರುವುದು ಏರಿ, ಮತ್ತು ಅದನ್ನು ಕಾಯುವವರ ಪ್ರಾಮಾಣಿಕತೆ.

ಏರಿಯ ಹೊರಮೈಗೆ ಸರ್ಕಾರದವರು ಅರ್ಧ ಎತ್ತರದವರೆಗೆ ಕಲ್ಲು ಹೊದಿಸಿಕೊಟ್ಟಿದ್ದರು. ಅದಕ್ಕಿಂತ ಮೇಲಿನ ಹುಲ್ಲು, ನೆತ್ತಿ, ಒಳಮೈ ಎಲ್ಲ ಊರಿನವರ ಹೊಣೆ. ಪ್ರತಿ ಮನೆಗೂ ಒಂದೊಂದು ಪಾಲು, ಪಾಲು ಪಾಲಿಗೂ ನಡುವೆ ಒಂದು ಗುಂಡುಕಲ್ಲು. ಹುಲ್ಲು ಕತ್ತರಿಸಬೇಕು. ಗಿಡಮರ ಬೆಳೆಯಗೊಡಬಾರದು. ಬಿಲ ಕಂಡರೆ ಮುಚ್ಚಕೂಡದು, ಅಗೆಯಬೇಕು. ಕೊನೆ ಸಿಗುವವರೆಗೆ ಅಗೆದು, ಹೊಸ ಜೇಡಿಮಣ್ಣು ತುಂಬಿ, ದಮ್ಮಸಿನಿಂದ ಬಡಿದು ಬಡಿದು ನೆಲವನ್ನು ಮತ್ತೆ ಒಂದು ಮಾಡಬೇಕು. ಬಾಯಿ ಮುಚ್ಚಿದ ಬಿಲ ಬಾಯಿ ತೆರೆದ ಬಿಲಕ್ಕಿಂತ ಕೆಟ್ಟದ್ದು ಎಂದು ಆ ಊರಿನ ಮಕ್ಕಳಿಗೂ ಗೊತ್ತು.

ಯಾರ ಪಾಲಿನಲ್ಲಿ ಕುಂದು ಕಾಣುತ್ತದೋ ಆ ಮನೆಯ ಸಲಿಕೆಯನ್ನೇ ತರಿಸಿ, ಅವರ ಪಾಲಿನ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಿಸುತ್ತಾರೆ. ಕುಂದು ಸರಿಯಾಗಿ, ಎರಡೂ ಪಕ್ಕದ ಪಾಲಿನವರು ಬಂದು ಆ ಜಾಗವನ್ನು ಕಾಲಿನಿಂದ ತುಳಿದು "ಗಟ್ಟಿಯಾಯಿತು" ಅನ್ನುವವರೆಗೆ ಸಲಿಕೆ ಅಲ್ಲೇ ನಿಂತಿರಬೇಕು. ಇದು ಶಿಕ್ಷೆಯಲ್ಲ, ಉಬ್ಬರದ ದಿನ ಎಲ್ಲಿಗೆ ಓಡಬೇಕು ಅನ್ನುವುದಕ್ಕೆ ಗುರುತು ಅಷ್ಟೇ ಎಂದು ಹಿರಿಯರು ಹೇಳುತ್ತಿದ್ದರು. ಆದರೆ ಗುರುತಿಗೂ ಕಣ್ಣಿಗೂ ನಡುವೆ ನಾಲಿಗೆ ಇದೆಯಲ್ಲ. ಏರಿಯ ಮೇಲೆ ಸಲಿಕೆ ನಿಂತ ಮನೆಯವರು ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದರು. ತನ್ನ ಸಲಿಕೆಯನ್ನು ತಾನೇ ಕಿತ್ತುಕೊಳ್ಳುವುದಂತೂ ಯಾರೂ ಮಾಡದ ಕೆಲಸ. ಅದಕ್ಕೆ ಒಂದೇ ಅರ್ಥ: ಏರಿ ಉಳಿದರೆಷ್ಟು ಹೋದರೆಷ್ಟು, ನನಗೂ ಅದಕ್ಕೂ ಸಂಬಂಧವಿಲ್ಲ.

ಸಲಿಕೆ ನೆಡುವ ಅಧಿಕಾರ ಏರಿ ಯಜಮಾನರದು. ಆಗಿದ್ದ ಯಜಮಾನರು ವಯಸ್ಸಾದವರು, ಗಟ್ಟಿಮುಟ್ಟಾದವರು. ಪ್ರತಿ ದೊಡ್ಡ ಉಬ್ಬರ ಮುಗಿದ ಮೇಲಿನ ಬೆಳಿಗ್ಗೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಹಿಂದೆ ನಾಲ್ಕು ಜನ ಹೋಗುತ್ತಿದ್ದರು. ಅಂಗಾಲಿನಲ್ಲೇ ಅವರಿಗೆ ಮಣ್ಣು ಮೆತ್ತಗಿದೆಯೋ ಗಟ್ಟಿಯೋ ತಿಳಿಯುತ್ತದೆ ಎಂದು ಜನ ನಂಬಿದ್ದರು. ಅವರ ಸ್ವಂತ ಪಾಲಿನ ಹುಲ್ಲು ಚಾಪೆ ಹಾಸಿದ ಹಾಗಿತ್ತು. ಹೊಸದಾಗಿ ಸಂಸಾರ ಹೂಡಿದವರಿಗೆ, "ಹೋಗಿ ಯಜಮಾನರ ಪಾಲು ನೋಡಿಕೊಂಡು ಬನ್ನಿ" ಎಂದು ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಯಜಮಾನರು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು.

ಅವರ ಹೆಂಡತಿಗೆ ಮಂಡಿನೋವು. ಏರಿ ಹತ್ತುವುದು ಬಿಟ್ಟ ಮೇಲೆ ಹಿತ್ತಿಲಲ್ಲಿ ಮೊಲ ಸಾಕಿಕೊಂಡಿದ್ದಳು. ಮೀನಿನ ಹಳೆಯ ಪೆಟ್ಟಿಗೆಗಳನ್ನು ಜೋಡಿಸಿ, ಒಳಗೆ ಒಣಹುಲ್ಲು ಹಾಸಿ, ಮೊಲಗಳಿಗೆ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. "ನಿಮಗಿಂತ ವಾಸಿ, ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತವೆ" ಎಂದು ಗಂಡನಿಗೆ ಚುಚ್ಚುತ್ತಿದ್ದಳು. ಒಂದು ದಿನ ಪೆಟ್ಟಿಗೆಯ ಹಲಗೆ ಸಡಿಲವಾಗಿ ಎರಡು ಬಿಳಿ ಮೊಲ ತಪ್ಪಿಸಿಕೊಂಡವು. ಎಲ್ಲಿ ಹೋದವೋ ಎಂದು ಅವಳು ಹಲುಬಿದಳು. ನಾಯಿ ಹಿಡಿದಿರಬೇಕು ಎಂದರು ಯಜಮಾನರು.

ನಾಯಿ ಹಿಡಿದಿರಲಿಲ್ಲ. ಊರಿನವರೊಡನೆ ಏರಿ ನೋಡುವ ಹಿಂದಿನ ದಿನ, ತಮ್ಮ ಪಾಲಿನ ಒಳಮೈಯಲ್ಲಿ, ಸೊಂಪಾದ ಹುಲ್ಲಿನ ಮರೆಯಲ್ಲಿ ಅವರು ಒಂದು ಬಿಲ ಕಂಡರು. ಬಾಯಲ್ಲಿ ಹೊಸ ಮಣ್ಣು, ಮಣ್ಣಿನ ಮೇಲೆ ಬಿಳಿಯ ಕೂದಲು. ಕೈ ಹಾಕಿದರೆ ಮೊಣಕೈ ದಾಟಿ ಹೋಯಿತು, ಕೊನೆ ಸಿಗಲಿಲ್ಲ.

ಆಗ ಅವರು ಮಾಡಬೇಕಾದದ್ದು ಒಂದೇ. ಕೆಳಗಿಳಿದು ನಾಲ್ಕು ಜನರನ್ನು ಕರೆದು, ತಮ್ಮ ಸಲಿಕೆಯನ್ನು ತಾವೇ ನೆತ್ತಿಯ ಮೇಲೆ ನಿಲ್ಲಿಸಿ, ಅಗೆಯುವುದು. ಎಷ್ಟೋ ಮನೆಯವರಿಗೆ ಅವರು ಹೇಳಿಕೊಟ್ಟ ಪಾಠ. ಆದರೆ ನಾಳೆ ಬೆಳಿಗ್ಗೆ ಹಿಂದೆ ಬರುವವರ ಮುಖಗಳು ಕಣ್ಣಿಗೆ ಕಟ್ಟಿದವು. ಯಜಮಾನರ ಪಾಲಿನಲ್ಲಿ ಬಿಲ, ಅದೂ ಯಜಮಾನರ ಮನೆಯ ಮೊಲದ್ದು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಅವರು ಮನೆಗೆ ಹೋಗಿ ಮೊಲದ ಗೂಡಿನಿಂದ ಒಂದು ಹಿಡಿ ಒಣಹುಲ್ಲು ತಂದರು. ಹುಲ್ಲು ತುರುಕಿದರು, ಜೇಡಿಮಣ್ಣು ಮೆತ್ತಿದರು, ಬೇರೆ ಕಡೆಯಿಂದ ಬೇರುಸಹಿತ ಎತ್ತಿದ ಹುಲ್ಲಿನ ತುಂಡನ್ನು ಮೇಲೆ ಕೂರಿಸಿದರು. ದೊಡ್ಡ ಉಬ್ಬರ ಕಳೆಯಲಿ, ಆಮೇಲೆ ಯಾರೂ ಇಲ್ಲದಾಗ ಅಗೆದರಾಯಿತು ಎಂದುಕೊಂಡರು. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ಮರುದಿನ ಜನರೊಡನೆ ಅಲ್ಲಿ ಹಾದು ಹೋಗುವಾಗ ಅವರ ಕಣ್ಣಿಗೇ ಜಾಗ ಸಿಗಲಿಲ್ಲ. ಆ ದಿನ ಆ ಚೊಕ್ಕತನ ಅವರಿಗೆ ಸಮಾಧಾನ ಕೊಟ್ಟಿತು. ಆಮೇಲೆ ಅಗೆಯುವ ದಿನ ಬರಲೇ ಇಲ್ಲ. ಇಂದು ಮಳೆ, ನಾಳೆ ಯಾರೋ ಇದ್ದರು, ನಾಡಿದ್ದು ಬೆನ್ನು ನೋವು.

ಮುಂದಿನ ಹುಣ್ಣಿಮೆಯ ಉಬ್ಬರ ಕಳೆದ ಬೆಳಿಗ್ಗೆ ಏರಿಯ ಬುಡದಲ್ಲಿ ನೀರು ಒಸರಿದ್ದು ಕಂಡಿತು. ಯಜಮಾನರ ಪಾಲಿನಲ್ಲಿ ಅಲ್ಲ. ಗುಂಡುಕಲ್ಲಿನ ಆಚೆ, ಪಕ್ಕದ ಪಾಲಿನಲ್ಲಿ.

ಆ ಪಾಲು ಹೊಲಿಗೆಯಕ್ಕನದು. ಗಂಡ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದವನು, ವರ್ಷಕ್ಕೊಮ್ಮೆ ಬರುತ್ತಿದ್ದ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ. ದೋಣಿಯ ಪಟ, ಟಾರ್ಪಾಲು, ಮಳೆಕೋಟು ಇಂಥ ದಪ್ಪ ಬಟ್ಟೆಯ ಹೊಲಿಗೆ ಅವಳ ಕಸುಬು. ಒರಟು ಸೂಜಿ ತಳ್ಳಿ ತಳ್ಳಿ ಅಂಗೈಯಲ್ಲಿ ಬೊಬ್ಬೆ ಬಂದಿದ್ದರಿಂದ ಸಲಿಕೆಯ ಹಿಡಿಗೆ ಹಳೆಯ ಹೂವಿನ ಬಟ್ಟೆಯ ಪಟ್ಟಿ ಸುತ್ತಿಕೊಂಡಿದ್ದಳು.

ಒಸರು ತಿಳಿಯಾಗಿತ್ತು. ತಿಳಿನೀರು ಬಂದರೆ ಭಯವಿಲ್ಲ, ಬರೀ ಬೆವರು. ಕದಡಿದ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದು ಅರ್ಥ. ಹಿಂದೆ ಬಂದವರು ಬಗ್ಗಿ ನೋಡಿದರು. ತೂಬಿನವನೂ ನೋಡಿದ. ಏನು ಕೇಳಿದರೂ 'ಅರ್ಧಗಂಟೆ' ಅನ್ನುತ್ತಿದ್ದುದರಿಂದ ಅವನ ಹೆಸರೇ ಅರ್ಧಗಂಟೆ ಎಂದಾಗಿಹೋಗಿತ್ತು. ಎಲ್ಲರೂ ಯಜಮಾನರ ಮುಖ ನೋಡಿದರು. ಬಿಲ ಒಳಗೆ ಅಡ್ಡ ತಿರುಗಿದೆ ಎಂದು ಆ ಕ್ಷಣವೇ ಯಜಮಾನರಿಗೆ ತಿಳಿಯಿತು. ಮೊಲದ ಬಿಲಕ್ಕೆ ಎರಡು ಬಾಯಿ ಅನ್ನುವುದೂ ನೆನಪಾಯಿತು. ತಾವು ಮುಚ್ಚಿದ್ದು ಒಂದನ್ನು. ಇನ್ನೊಂದು ಹೊರಮೈಯಲ್ಲಿ, ಕಲ್ಲು ಮುಗಿದು ಹುಲ್ಲು ಶುರುವಾಗುವ ಕಡೆ ಎಲ್ಲೋ ಇರಬೇಕು. ದೊಡ್ಡ ಉಬ್ಬರ ಮಾತ್ರ ಅದನ್ನು ಮುಟ್ಟುತ್ತದೆ.

ಬಾಯಿ ತೆರೆದರು. ಹೊರಗೆ ಬಂದದ್ದು ಬೇರೆ ಮಾತು. "ಸಲಿಕೆ ತಗೊಂಡು ಬಾಮ್ಮ" ಎಂದರು.

ಹೊಲಿಗೆಯಕ್ಕ, ತನ್ನ ಪಾಲನ್ನು ವಾರ ವಾರ ನೋಡಿಕೊಂಡಿದ್ದೇನೆ, ಒಂದು ಇಲಿಯ ತೂತೂ ಇರಲಿಲ್ಲ ಎಂದಳು. ಜಗಳವಾಡಲಿಲ್ಲ. ಹೋಗಿ ಸಲಿಕೆ ತಂದಳು. ಯಜಮಾನರು ಅದನ್ನು ನೆತ್ತಿಯ ಮೇಲೆ ನೆಟ್ಟರು. ಹಿಡಿಗೆ ಸುತ್ತಿದ್ದ ಹೂಬಟ್ಟೆ ಬೀದಿಯಿಂದ, ತೂಬಿನ ಮನೆಯಿಂದ, ಬೇಕರಿಯ ಮೆಟ್ಟಿಲಿನಿಂದ, ಎಲ್ಲಿಂದ ನೋಡಿದರೂ ಕಾಣುತ್ತಿತ್ತು. ಯಜಮಾನರ ಅಡುಗೆಮನೆಯ ಕಿಟಕಿಯಿಂದಲೂ ಕಾಣುತ್ತಿತ್ತು.

ಅವಳು ದಿನಾ ಗುದ್ದಲಿ ಹಿಡಿದು ಬಂದು ತನ್ನ ಪಾಲನ್ನು ಅಲ್ಲಿ ಇಲ್ಲಿ ಅಗೆದು ನೋಡಿದಳು. ಅಲ್ಲಿ ಇಲ್ಲದ ಬಾಯಿ ಎಲ್ಲಿ ಸಿಗಬೇಕು? ಬೇಕರಿಯವನು, "ಬಟ್ಟೆಯ ತೂತು ದೂರದಿಂದಲೇ ಕಾಣುತ್ತೆ ಅಕ್ಕನಿಗೆ, ಏರಿಯದು ಕಾಣಲಿಲ್ಲ ನೋಡಿ" ಎಂದು ನಕ್ಕನಂತೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಒಳ್ಳೆಯ ತಮಾಷೆಗೆ ಕಾಲು ಬೇಗ ಬರುತ್ತದೆ. ಸಂಜೆಯ ಹೊತ್ತಿಗೆ ಊರೆಲ್ಲ ತಿರುಗಿ ಬಂದಿತ್ತು. ದಿನಾ ಸಂಜೆ ಯಜಮಾನರ ಜಗಲಿಗೆ ಹರಟೆಗೆ ಬರುತ್ತಿದ್ದ ಹೊಲಿಗೆಯಕ್ಕನ ಅತ್ತೆ ಬರುವುದನ್ನು ನಿಲ್ಲಿಸಿದಳು.

ಅದು ಯಜಮಾನರ ಹೆಂಡತಿಯ ಬಾಯಿ ಬಿಡಿಸಿತು. ಒಂದು ಸಂಜೆ ಖಾಲಿ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಕೇಳಿದಳು:

"ರೀ, ಆ ಬಿಲ ಯಾವ ಕಡೆಗೆ ತಿರುಗಿತ್ತು?"

"ಯಾವ ಬಿಲ?"

"ನೀವು ಮುಚ್ಚಿದ್ದು. ಊರಲ್ಲಿ ಬೇರೆ ಯಾರೂ ಮುಚ್ಚಲ್ಲವಲ್ಲ."

ಆ ದಿನ ಗೂಡಿನಲ್ಲಿ ಹುಲ್ಲು ಕಡಿಮೆಯಾದದ್ದನ್ನು, ಗಂಡನ ಉಗುರಿನೊಳಗೆ ಜೇಡಿ ಇದ್ದದ್ದನ್ನು ಅವಳು ನೋಡಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಮೊಲ ನನ್ನದು, ನಾನೇ ಹೋಗಿ ಹೇಳುತ್ತೇನೆ ಎಂದಳು. ಬೇಡ ಎಂದರು ಇವರು, ಏನಾದರೂ ಮಾಡುತ್ತೇನೆ ಎಂದರು. ಅವಳು ಸೊಪ್ಪಿನ ಕಡೆ ನೋಡುತ್ತಲೇ, "ಏನಾದರೂ ಅಲ್ಲ. ಮಾಡೋದು ಏನು ಅಂತ ನಿಮಗೆ ಗೊತ್ತಿದೆ" ಎಂದಳು.

ಗೊತ್ತಿತ್ತು. ಪ್ರಾರ್ಥನೆಗೆ ಕೂತಾಗಲೂ ಅದೇ ಎದುರಿಗೆ ಬರುತ್ತಿತ್ತು. ತಪ್ಪು ಒಪ್ಪಿಕೊಳ್ಳುವ ಧೈರ್ಯ ಕೊಡು ಎಂದು ಬೇಡಿಕೊಳ್ಳಲು ಹೋಗಿ, ಹೇಗಾದರೂ ಇದು ತಾನಾಗಿ ಸರಿಹೋಗಲಿ ಎಂದು ಬೇಡಿಕೊಂಡು ಏಳುತ್ತಿದ್ದರು. ದೇವರ ಎದುರು ಸುಳ್ಳು ಹೇಳುವುದು ಕಷ್ಟ. ಆದರೆ ದೇವರ ಎದುರು ಅರ್ಧ ನಿಜ ಹೇಳಿ ಎದ್ದು ಬರುವುದನ್ನು ಮನುಷ್ಯ ಬಹಳ ಬೇಗ ಕಲಿಯುತ್ತಾನೆ.

ಹಾಗೆ ಅರ್ಧಕ್ಕೆ ನಿಂತ ಮನಸ್ಸು ಅರ್ಧ ಕೆಲಸವನ್ನೇ ಮಾಡಿಸಿತು. ಒಂದು ಮಧ್ಯಾಹ್ನ ಊರೆಲ್ಲ ಊಟಕ್ಕೆ ಕೂತ ಹೊತ್ತಿನಲ್ಲಿ ಅವರು ಏರಿ ಹತ್ತಿ ಆ ಸಲಿಕೆಯನ್ನು ಕಿತ್ತರು. ಅಲಗಿಗೆ ಹತ್ತಿದ್ದ ಮಣ್ಣನ್ನು ಅಭ್ಯಾಸಬಲದಿಂದ ಹುಲ್ಲಿನಿಂದ ಒರೆಸಿದರು. ಹೊಲಿಗೆಯಕ್ಕನ ಮನೆಯ ಬಾಗಿಲ ಪಕ್ಕ ಒರಗಿಸಿ ಹಿಂದಿರುಗಿದರು. ನಾಳೆ ನಾಲ್ಕು ಜನರ ಎದುರು, ಒಸರು ನಿಂತಿದೆ, ನಾನೇ ತುಳಿದು ನೋಡಿ ತೆಗೆದೆ ಎಂದರಾಯಿತು ಎಂದುಕೊಂಡಿದ್ದರು. ಆ ಒಂದು ದಿನ ಎದೆ ಹಗುರವಾಗಿತ್ತು. ಹೆಂಡತಿಗೆ ಎರಡು ತಮಾಷೆಯ ಮಾತೂ ಆಡಿದರು. ಅವಳು ನಗಲಿಲ್ಲ.

ಆದರೆ ಅವರಿಗಿಂತ ಮೊದಲು ಮಾತು ಎದ್ದಿತ್ತು. ಮರುದಿನ ತೂಬಿನ ಮನೆಯ ಮುಂದೆ ಜನ ಸೇರಿದ್ದರು. "ಸಲಿಕೆಗೆ ಕಾಲು ಬಂದು ಮನೆಗೆ ನಡಕೊಂಡು ಹೋಗಿದೆ" ಎಂದ ಅರ್ಧಗಂಟೆ. ಈ ಸಲ ಯಾರೂ ನಗಲಿಲ್ಲ. ತನ್ನ ಸಲಿಕೆಯನ್ನು ತಾನೇ ಕಿತ್ತುಕೊಂಡಿದ್ದಾಳೆ, ಊರು ಮುಳುಗಲಿ ಅಂತಲೇ ಇದರ ಅರ್ಥ ಎಂದು ಒಬ್ಬಳು ಅಂದಳು. ಗಂಡ ನೀರಿನ ಮೇಲಿರುವವನು, ಅವಳಿಗೇನು ಎಂದ ಇನ್ನೊಬ್ಬ. ಹೊಲಿಗೆಯಕ್ಕ ನಡುವೆ ನಿಂತಿದ್ದಳು. ಎಡಗೈಯಲ್ಲಿ ಸೂಜಿ ತಳ್ಳಲು ಕಟ್ಟಿಕೊಂಡ ತೊಗಲುಪಟ್ಟಿ ಇನ್ನೂ ಹಾಗೇ ಇತ್ತು. ಊರಿನ ಉಗ್ರಾಣಕ್ಕೆಂದು ದೊಡ್ಡ ಟಾರ್ಪಾಲು ಹೊಲಿಯುತ್ತಿದ್ದವಳನ್ನು ಅರ್ಧದಲ್ಲೇ ಎಬ್ಬಿಸಿ ಕರೆತಂದಿದ್ದರು.

"ನಾನು ಕಿತ್ತಿಲ್ಲ" ಎಂದಳು. "ಬಾಗಿಲಲ್ಲಿ ಒರಗಿಸಿತ್ತು. ತಂದಿಟ್ಟವರಿಗೆ ಗೊತ್ತು."

ಎಲ್ಲರ ಕಣ್ಣೂ ಯಜಮಾನರ ಕಡೆ ತಿರುಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆಯನ್ನು ಅವರೇ ಎಷ್ಟೋ ಸಲ ಇದೇ ಜಾಗದಲ್ಲಿ ಹೇಳಿ ನಗಿಸಿದ್ದರು. ಈಗ ತಮ್ಮ ಕೈ ತಾನಾಗಿ ಹೆಗಲಿಗೆ ಹೋಗದಂತೆ ಬೆನ್ನ ಹಿಂದೆ ಕಟ್ಟಿಕೊಂಡರು. 'ನಾನು' ಅನ್ನುವ ಒಂದು ಮಾತು ಸಾಕಾಗಿತ್ತು. ನಾನೇ ಕಿತ್ತೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಎಲ್ಲವನ್ನೂ ಹೇಳಬೇಕು.

"ಯಾರು ಕಿತ್ತರು ಅನ್ನೋದು ಆಮೇಲೆ ನೋಡೋಣ" ಎಂದರು ಯಜಮಾನರು. "ಮೊದಲು ಸಲಿಕೆ ಜಾಗಕ್ಕೆ ಬರಲಿ."

ಹೀಗೆ ಆ ಸಲಿಕೆಯನ್ನು ಎರಡನೆಯ ಸಲವೂ ಅವರ ಕೈಯೇ ನೆಟ್ಟಿತು. ನೆಡುವಾಗ ಹೂಬಟ್ಟೆ ಅವರ ಅಂಗೈಗೆ ತಾಗಿತು. ಬೆವರಿನಿಂದ ಒದ್ದೆಯಾಗಿತ್ತು, ಅವಳದೋ ಅವರದೋ ತಿಳಿಯಲಿಲ್ಲ. ಅವಳು ಅಳಲಿಲ್ಲ. ಅವರನ್ನು ಒಮ್ಮೆ ನೋಡಿದಳು. ಸಿಟ್ಟಿನ ನೋಟವಾಗಿರಲಿಲ್ಲ. ಏನನ್ನೋ ಕಾಯುವವರ ಹಾಗೆ ನೋಡಿ, ಸ್ವಲ್ಪ ಹೊತ್ತು ಕಾದು, ಮನೆಗೆ ಹೋದಳು. ಟಾರ್ಪಾಲು ಅವತ್ತೇ ಮುಗಿಸಿ ಉಗ್ರಾಣಕ್ಕೆ ಕಳಿಸಿದಳು ಎಂದು ಆಮೇಲೆ ತಿಳಿಯಿತು.

ಅಮಾವಾಸ್ಯೆಯ ಉಬ್ಬರ ಗಾಳಿಯನ್ನು ಜೊತೆಗೆ ಕರೆದುಕೊಂಡು ಬಂತು. ಬೆಳಿಗ್ಗೆಯಿಂದಲೇ ಕಡಲ ಬಣ್ಣ ಕೆಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ತೂಬಿನ ಕಂಬದ ಗೆರೆ ಮುಳುಗಿ ಅದರ ಮೇಲೂ ನೀರು ನಿಂತಿತು. ಮಕ್ಕಳನ್ನೂ ಮುದುಕರನ್ನೂ ಶಾಲೆಯ ಮಹಡಿಗೆ ಕಳಿಸಿದ್ದಾಯಿತು. ಉಳಿದವರೆಲ್ಲ ಏರಿಯ ಮೇಲೆ. ಅಲೆಗಳು ಕಲ್ಲುಹಾಸು ದಾಟಿ ಹುಲ್ಲಿಗೆ ಬಡಿಯುತ್ತಿದ್ದವು. ನೆತ್ತಿಯ ಮೇಲೆ ನಿಂತವರಿಗೆ ಒಂದು ಕಡೆ ಕಡಲು ಮೊಣಕಾಲುದ್ದವಷ್ಟೇ ಕೆಳಗೆ, ಇನ್ನೊಂದು ಕಡೆ ತಮ್ಮ ಮನೆಗಳ ಮಾಡು ಕಾಲಿನ ಕೆಳಗೆ.

ಬುಡದಲ್ಲಿದ್ದ ಹೊಲಿಗೆಯಕ್ಕ ಕೂಗಿದಳು. ಒಸರು ಊಟೆಯಾಗಿತ್ತು. ನೀರು ಕುದಿಯುವ ಹಾಗೆ ಉಕ್ಕುತ್ತಿತ್ತು. ಕದಡಿತ್ತು.

ಊಟೆಯ ಬಾಯಿಗೆ ಏನನ್ನೂ ತುರುಕುವಂತಿಲ್ಲ. ತುರುಕಿದರೆ ನೀರು ಇನ್ನೊಂದು ಕಡೆ ಬಾಯಿ ಮಾಡಿಕೊಳ್ಳುತ್ತದೆ. ಅದರ ಸುತ್ತ ಮರಳುಚೀಲಗಳ ಬಳೆ ಕಟ್ಟಿ, ಒಳಗೆ ನೀರು ನಿಧಾನವಾಗಿ ಏರಲು ಬಿಡಬೇಕು. ನಿಂತ ನೀರಿನ ಭಾರವೇ ಬರುವ ನೀರಿನ ಸೊಕ್ಕನ್ನು ತಗ್ಗಿಸುತ್ತದೆ. ಜನ ಚೀಲ ದಾಟಿಸಿ ದಾಟಿಸಿ ಬಳೆ ಕಟ್ಟಿದರು. ಬಣ್ಣ ತಿಳಿಯಾಗಲಿಲ್ಲ. ಹೊರಗಿನ ಬಾಯಿಯ ಮೇಲೆ ಟಾರ್ಪಾಲು ಬೀಳದೆ ಇದು ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಊಟೆಗೆ ನೇರವಾಗಿ, ಹೊಲಿಗೆಯಕ್ಕನ ಪಾಲಿನ ಹೊರಮೈಗೆ ಹೊಸ ಟಾರ್ಪಾಲನ್ನು ಇಳಿಬಿಟ್ಟು ಚೀಲ ಹೇರತೊಡಗಿದರು. ನೀರು ಕೆಂಪಗೆ ಉಕ್ಕುತ್ತಲೇ ಇತ್ತು. ಬುಡದ ಹುಲ್ಲು ಒಂದು ಕಡೆ ಕುಸಿಯಿತು. ಅಲ್ಲಿ ಇನ್ನೂ ಚೀಲ ಹಾಕಿ ಎಂದು ಯಾರೋ ಕೂಗಿದರು. ಎಲ್ಲರೂ ಸಲಿಕೆ ನಿಂತಿದ್ದ ಜಾಗಕ್ಕೇ ಓಡಿದರು. ಗುರುತು ಅದೇ ತಾನೆ?

ಯಜಮಾನರು ಗುಂಡುಕಲ್ಲಿನ ಈಚೆ ನಿಂತಿದ್ದರು. ಇಷ್ಟು ದಿನ ನಾಲಿಗೆಯ ಮೇಲೆ ಕೂತಿದ್ದ ಕಲ್ಲು ಈಗಲೂ ಅಲ್ಲೇ ಇತ್ತು. ಧೈರ್ಯ ಬಂದು ಮಾತಾಡಿದರು ಎಂದು ಹೇಳಿದರೆ ತಪ್ಪಾಗುತ್ತದೆ. ಧೈರ್ಯ ಬರಲಿಲ್ಲ. ಮಾಡುಗಳು ಕಂಡವು ಅಷ್ಟೇ.

"ಅಲ್ಲಿ ಅಲ್ಲ" ಎಂದರು. ಗಾಳಿಯಲ್ಲಿ ಯಾರಿಗೂ ಕೇಳಲಿಲ್ಲ. ಮುಂದೆ ಹೋಗಿ ಬೇಕರಿಯವನ ತೋಳು ಹಿಡಿದು ಮತ್ತೆ ಹೇಳಿದರು. "ಅಲ್ಲಿ ಅಲ್ಲ. ಬಿಲ ನನ್ನ ಪಾಲಿನಲ್ಲಿದೆ. ನಮ್ಮ ಮನೆಯ ಮೊಲದ್ದು. ನಾನು ಮುಚ್ಚಿಟ್ಟೆ."

ಚೀಲ ದಾಟಿಸುತ್ತಿದ್ದ ಕೈಗಳು ನಿಂತವು. ಬೇಕರಿಯವನು ಅವರ ಮುಖ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದ. ಎಲ್ಲಿ, ತೋರಿಸಿ ಎಂದಳು ಹೊಲಿಗೆಯಕ್ಕ. ಅವಳು ಕೇಳಿದ್ದು ಅಷ್ಟೇ.

ತೋರಿಸಲು ಹೋದರೆ ಜಾಗ ಸಿಗಲಿಲ್ಲ. ಅಷ್ಟು ಚೊಕ್ಕವಾಗಿ ಮುಚ್ಚಿದ್ದರು. ಯಜಮಾನರು ಒಳಮೈಯ ಇಳಿಜಾರಿನಲ್ಲಿ ಮಂಡಿಯೂರಿ, ಎರಡೂ ಕೈಯಿಂದ ಹುಲ್ಲು ತಡವುತ್ತಾ ಅಂಬೆಗಾಲಿಟ್ಟರು. ಅಂಗಾಲಿನಲ್ಲೇ ಮಣ್ಣಿನ ಗುಣ ತಿಳಿಯುವವರು ಎಂದು ಹೆಸರಾದವರು, ಊರಿನ ಎದುರಿಗೆ, ಕಳೆದುಹೋದ ಸೂಜಿ ಹುಡುಕುವ ಮಗುವಿನ ಹಾಗೆ. ಮೇಲಿನಿಂದ ಎಲ್ಲರೂ ನೋಡುತ್ತಿದ್ದರು. ಕೊನೆಗೆ ಒಂದು ಕಡೆ ಹುಲ್ಲು ಹಿಡಿದೆಳೆದರೆ ಕೈಗೇ ಬಂತು. ಬೇರು ಇನ್ನೂ ಹಿಡಿದಿರಲಿಲ್ಲ. ಹಸಿರು ಮೇಲೆ ಮಾತ್ರ ಇತ್ತು.

"ಇಲ್ಲಿ. ಇದಕ್ಕೆ ನೇರ, ಆಚೆ ಮೈಯಲ್ಲಿ."

ಜನ ಟಾರ್ಪಾಲನ್ನು ಎತ್ತಿ ಗುಂಡುಕಲ್ಲು ದಾಟಿಸಿ ಎಳೆದು ತಂದರು. ಅರ್ಧಗಂಟೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಲೆಯೊಳಗೆ ಇಳಿದ. ಕಾಲಿನಿಂದ ತಡವಿ, ಇಲ್ಲಿ ಕಾಲನ್ನು ಒಳಗೆ ಎಳೆಯುತ್ತಿದೆ ಎಂದು ಕೂಗಿದ. ಅಲ್ಲಿಗೇ ಟಾರ್ಪಾಲು ಇಳಿಯಿತು. ನೀರೇ ಅದನ್ನು ಹೀರಿ ಬಾಯಿಗೆ ಅಂಟಿಸಿಕೊಂಡಿತು. ಹೊಲಿಗೆ ಒಂದು ಎಳೆಯೂ ಬಿಚ್ಚಲಿಲ್ಲ. ಮೇಲೆ ಚೀಲ ಬಿದ್ದವು. ಬುಡದಲ್ಲಿ ಬಳೆಯ ಬಳಿ ಕೂತಿದ್ದ ಹೊಲಿಗೆಯಕ್ಕ ಬೊಗಸೆಯಲ್ಲಿ ನೀರೆತ್ತಿ ನೋಡುತ್ತಿದ್ದಳು. ಕೆಂಪು ಹೋಗಿ ಬೂದುಬಣ್ಣವಾಯಿತು, ಬೂದು ಹೋಗಿ ತಿಳಿಯಾಯಿತು. ಅವಳು ಕೈ ಎತ್ತಿ ತೋರಿಸಿದಳು. ಸಂಜೆಯ ಹೊತ್ತಿಗೆ ಕಡಲು ಇಳಿಯತೊಡಗಿತು. ಅದಕ್ಕೂ ಮೇಲಿನವನು ಒಂದು ಗೆರೆ ಎಳೆದಿದ್ದಾನೆ. ಆ ಗೆರೆಗೂ ಏರಿಯ ನೆತ್ತಿಗೂ ನಡುವೆ ಈಚೆಗೆ ಉಳಿದಿರುವ ಅಂತರ ಬಹಳ ಕಡಿಮೆ.

ಜನ ಸುಸ್ತಾಗಿ ಹುಲ್ಲಿನ ಮೇಲೆ ಕೂತಿದ್ದರು. ಹೇಗೂ ಏರಿ ಉಳಿಯಿತಲ್ಲ, ಸಮಯಕ್ಕೆ ಸರಿಯಾಗಿ ಹೇಳಿದಿರಿ ಎಂದು ಒಬ್ಬ ಹಿರಿಯ ಯಜಮಾನರ ಬೆನ್ನು ಸವರಿದ. ಎಲ್ಲರ ಮನೆ ದೋಸೆಯೂ ತೂತೇ ಎಂದು ಅರ್ಧಗಂಟೆ ಮೆಲ್ಲಗೆ ಅಂದ. ಅವರಿಗೆ ಯಜಮಾನರು ಬೇಕಾಗಿದ್ದರು. ನಾಳೆಯೂ ಉಬ್ಬರ ಬರುತ್ತದಲ್ಲ. ಆ ಮಾತುಗಳ ಕೆಳಗೆ ಅವಿತುಕೊಳ್ಳಲು ಬೇಕಾದಷ್ಟು ಜಾಗವಿತ್ತು. ಯಜಮಾನರಿಗೆ ಅದರ ಆಸೆಯೂ ಆಯಿತು. ಆ ಆಸೆ ಆದದ್ದಕ್ಕೇ ಮತ್ತೊಮ್ಮೆ ನಾಚಿಕೆಯಾಯಿತು.

ಅವರು ಎದ್ದು ಹೋಗಿ ಹೂಬಟ್ಟೆಯ ಸಲಿಕೆಯನ್ನು ಕಿತ್ತರು. ಒರೆಸಿ, ಎರಡೂ ಕೈಯಲ್ಲಿ ಹಿಡಿದು ಹೊಲಿಗೆಯಕ್ಕನಿಗೆ ಕೊಟ್ಟರು. ಅವತ್ತು ಕಿತ್ತು ತಂದು ಬಾಗಿಲಲ್ಲಿ ಇಟ್ಟವನೂ ನಾನೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಗೊತ್ತಿತ್ತು" ಎಂದಳು ಅವಳು. "ಊರಲ್ಲಿ ಸಲಿಕೆಯನ್ನು ಹೀಗೆ ಒರೆಸಿಡೋರು ನೀವೊಬ್ಬರೇ. ನೀವೇ ಹೇಳ್ತೀರಿ ಅಂತ ಕಾದೆ."

ಯಜಮಾನರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಾಯಿಬಿಡದಂತೆ ಈಗಷ್ಟೇ ಊರೆಲ್ಲ ಸೇರಿ ಮುಚ್ಚಿದ ನೆಲ ಅದು. ಅವರ ಸಲಿಕೆಯನ್ನು ಯಾರೋ ತಂದಿದ್ದರು. ಅದನ್ನು ಅವಳ ಕಡೆ ಚಾಚಿ, ನಿನ್ನ ಕೈಯಿಂದಲೇ ನೆಡು ತಾಯಿ ಎಂದು ಕೇಳಿಕೊಂಡರು.

ಅವಳು ಅದನ್ನು ಮುಟ್ಟಲಿಲ್ಲ. "ಸಲಿಕೆ ನೆಡೋದು ನಿಮ್ಮ ಕೆಲಸ, ಯಜಮಾನ್ರೇ. ಇದನ್ನೂ ನನ್ನ ಮೇಲೆ ಹಾಕಬೇಡಿ" ಎಂದು ಹೇಳಿ, ತನ್ನದನ್ನು ಹೆಗಲಿಗೇರಿಸಿಕೊಂಡು ಇಳಿದು ಹೋದಳು. ಯಜಮಾನರು ತಮ್ಮ ಸಲಿಕೆಯನ್ನು ತಮ್ಮ ಪಾಲಿನ ನೆತ್ತಿಯ ಮೇಲೆ ತಾವೇ ನೆಟ್ಟರು. ಮೊದಲ ಸಲ ಅದು ವಾಲಿತು, ಮತ್ತೆ ನೆಡಬೇಕಾಯಿತು.

ಮರುದಿನದಿಂದ ಅಗೆತ ಶುರುವಾಯಿತು. ಬಿಲದ ಒಂದು ಕವಲು ಅಡ್ಡಕ್ಕೆ ತಿರುಗಿ ಗುಂಡುಕಲ್ಲಿನ ಅಡಿಯಲ್ಲಿ ಹಾದು ಪಕ್ಕದ ಪಾಲಿನವರೆಗೆ ಹೋಗಿತ್ತು. ಜನ ಬಂದು ಕೈ ಜೋಡಿಸಿದರು, ಜೇಡಿ ಹೊತ್ತರು. ಯಜಮಾನರ ಹೆಂಡತಿ ಉಳಿದ ಮೊಲಗಳನ್ನು ದೂರದ ಗುಡ್ಡದ ಊರಿನವರಿಗೆ ಕೊಟ್ಟುಬಿಟ್ಟಳು. ಕೊಟ್ಟ ಸಂಜೆ ಹೊಲಿಗೆಯಕ್ಕನ ಅತ್ತೆ ಮತ್ತೆ ಜಗಲಿಗೆ ಬಂದು ಕೂತಳು. ಮುದುಕಿಯರಿಬ್ಬರೂ ಏನೂ ಆಗದವರ ಹಾಗೆ ಕಾಳು ಆರಿಸುತ್ತಾ ಮಾತಾಡಿದರು. ಯಜಮಾನರು ಒಳಗೆ ಬಂದಾಗ ಮಾತು ನಿಂತಿತು, ದಾಟಿ ಹೋದ ಮೇಲೆ ಮುಂದುವರಿಯಿತು.

ತುಂಬಿ ಬಡಿದು ಮುಗಿದ ದಿನ ಪಾಲಿನ ಎರಡೂ ಪಕ್ಕದವರನ್ನು ಕರೆಸಿದರು. ಆಚೆ ಪಕ್ಕದ ಬೇಕರಿಯವನು ಬಂದು, ಕಾಲೂರಿ ಊರದೆ, ಗಟ್ಟಿಯಾಯಿತು ಗಟ್ಟಿಯಾಯಿತು ಎಂದು ಅವಸರದಲ್ಲಿ ಹೇಳಿದ. ಈಚೆ ಪಕ್ಕದ ಹೊಲಿಗೆಯಕ್ಕ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಿಂತಳು. ಹಿಮ್ಮಡಿಯೂರಿ ಒಂದೊಂದು ಅಡಿಯನ್ನೂ ನಿಧಾನವಾಗಿ ತುಳಿದು ನೋಡಿದಳು. ಗುಂಡುಕಲ್ಲಿನ ಬಳಿ ಸ್ವಲ್ಪ ಹೊತ್ತು ಹಾಗೇ ನಿಂತಳು.

"ಇನ್ನೂ ಮೆತ್ತಗಿದೆ" ಎಂದಳು.

ಬೇಕರಿಯವನು ಏನೋ ಹೇಳಲು ಹೋದ. ಯಜಮಾನರು ಕೈಸನ್ನೆಯಿಂದ ತಡೆದರು. ಅವಳು ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ ಮೇಲೆ ಅವರು ತಮ್ಮ ಅಂಗಾಲನ್ನು ಅದೇ ಜಾಗದಲ್ಲಿ ಊರಿದರು. ಕಲ್ಲಿನ ಹಾಗಿತ್ತು. ಹಾಗೆ ಕಂಡಿತು, ಅವರ ಅಂಗಾಲಿಗೆ. ಆ ಅಂಗಾಲನ್ನು ಇನ್ನು ಎಷ್ಟು ನಂಬಬೇಕು ಎಂದು ಅವರಿಗೆ ತಿಳಿಯಲಿಲ್ಲ.

ಅವರು ದಮ್ಮಸು ಎತ್ತಿಕೊಂಡರು. ಧಪ್, ಧಪ್ ಎಂಬ ಸದ್ದು ಏರಿಯಿಂದ ಇಳಿದು ಬೀದಿಗೆ ಕೇಳಿತು, ತೂಬಿನ ಮನೆಗೆ ಕೇಳಿತು, ಸೂಜಿ ತಳ್ಳುತ್ತಾ ಕೂತವಳ ಕಿಟಕಿಗೂ ಕೇಳಿತು. ನೆತ್ತಿಯ ಮೇಲೆ ಬಟ್ಟೆಯಿಲ್ಲದ ಬರಿಯ ಹಿಡಿಯ ಸಲಿಕೆ ನೆಟ್ಟಗೆ ನಿಂತಿತ್ತು. ಅದರ ಆಚೆ ಕಡಲು ಇಳಿದಿತ್ತು. ಮತ್ತೆ ಏರುವವರೆಗೆ ಇನ್ನೂ ಹೊತ್ತು ಇತ್ತು.